ತಿರುಳು ಯಾರದೆಂದು ಕೇಳಿ

ಹೆಬ್ಬಾಳದಲ್ಲೋ ವಿಜಯನಗರದ ಮನೆಯೊಂದರ ಮಹಡಿಯಲ್ಲೋ ಸ್ವಂತ ಡಿಸೈನ್ ಸಾಫ್ಟ್‌ವೇರ್ ಕಂಪನಿ ತೆರೆಯಲು ಹೊರಟಿದ್ದೀರಿ. ತುಂಬ ಸಂತೋಷ. ಆಫೀಸಿನ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಇನ್ನೊಂದು ಕರಾರಿನ ಬಗ್ಗೆ ಹೇಳಬೇಕಿದೆ, ಕೂತು ಕೇಳಿ.

ಕಾಲೇಜಿನಲ್ಲಿ ನೀವು ಕಲಿತ ಸಾಲಿಡ್‌ವರ್ಕ್ಸ್ 1997ರಿಂದ ಫ್ರಾನ್ಸಿನ ದಸ್ಸೋ ಸಿಸ್ಟಮ್ಸ್‌ನ ಸೊತ್ತು. ಆದರೆ ಅದರಲ್ಲಿ ನೀವು ತೂತು ಕೊರೆದಾಗ, ಅಂಚಿಗೆ ಫಿಲೆಟ್ ಕೊಟ್ಟಾಗ ಒಳಗೆ ಲೆಕ್ಕ ಮಾಡುವುದು ಪ್ಯಾರಾಸಾಲಿಡ್ ಎಂಬ ಕರ್ನಲ್. ಅದು ಸೀಮೆನ್ಸ್‌ನದು. ಅದೇ ಸೀಮೆನ್ಸ್ ಸಾಲಿಡ್ ಎಡ್ಜ್ ಮಾರುತ್ತಾ ಸಾಲಿಡ್‌ವರ್ಕ್ಸ್‌ಗೆ ನೇರ ಪೈಪೋಟಿ ಕೊಡುತ್ತಿದೆ. 2000ದಲ್ಲಿ ಸ್ಪೇಷಿಯಲ್ ಕಂಪನಿಯನ್ನು ಕೊಂಡಾಗ ಏಸಿಸ್ ಎಂಬ ಕರ್ನಲ್ಲೇ ದಸ್ಸೋ ಕೈಗೆ ಬಂತು. ಆದರೂ ಸಾಲಿಡ್‌ವರ್ಕ್ಸ್‌ನ ಅಡಿಯಿಂದ ಪ್ಯಾರಾಸಾಲಿಡ್ ಕದಲಲಿಲ್ಲ. ಗ್ರಾಹಕರು ವರ್ಷಗಟ್ಟಲೆ ಮಾಡಿಟ್ಟ ಮಾದರಿಗಳೆಲ್ಲ ಆ ಕರ್ನಲ್‌ನ ಲೆಕ್ಕಕ್ಕೆ ಒಗ್ಗಿರುತ್ತವೆ. ಅದನ್ನು ಬದಲಿಸಿದರೆ ನಿನ್ನೆ ಸರಿಯಾಗಿ ತೆರೆದ ಬಿಡಿಭಾಗ ಇಂದು ಯಾವುದೋ ಒಂದು ಅಂಚಿನಲ್ಲಿ ಬಿಟ್ಟುಕೊಳ್ಳಬಹುದು.

ಎರವಲು ತಂದದ್ದು ತಪ್ಪು ಎನ್ನುತ್ತಿಲ್ಲ. ನಮ್ಮ ಬನ್ನಿಮಂಟಪದ ಮೈಸೂರು ಪೇಂಟ್ಸ್ 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿ ತಯಾರಿಸುತ್ತಿದೆ. ಅದರ ಸೂತ್ರ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ್ದು. ಆದರೆ ಆ ಪ್ರಯೋಗಾಲಯ ಶಾಯಿಯ ವ್ಯಾಪಾರಕ್ಕೆ ಇಳಿಯಲಿಲ್ಲ. ಕೊಟ್ಟವರು ಎದುರಿನಲ್ಲೇ ಅಂಗಡಿ ಇಡುತ್ತಾರೋ ಇಲ್ಲವೋ ಎಂಬುದನ್ನು ಮೊದಲು ನೋಡಿ.

ಇಂದು ಇಡದವರು ನಾಳೆ ಇಡಬಹುದು ಎಂಬುದೇ ನನ್ನ ನಿಜವಾದ ಕಳವಳ. ಪ್ಯಾರಾಸಾಲಿಡ್ ಹುಟ್ಟಿದ್ದು ಕೇಂಬ್ರಿಜ್‌ನ ಶೇಪ್ ಡೇಟಾ ಎಂಬ ಪುಟ್ಟ ಕಂಪನಿಯಲ್ಲಿ. ಆಮೇಲೆ ಕೈಯಿಂದ ಕೈಗೆ ದಾಟಿ 2007ರಲ್ಲಿ ಸೀಮೆನ್ಸ್ ಸೇರಿತು. ಸ್ಕೆಚ್‌ನಲ್ಲಿ ರೇಖೆಗಳ ಅಳತೆ, ಲಂಬ, ಸಮಾಂತರಗಳನ್ನು ಕಾಯುವ ಡಿ-ಕ್ಯೂಬ್ಡ್ ಕೂಡ ಕೇಂಬ್ರಿಜ್‌ನದೇ. ಪರಸ್ಪರ ಪೈಪೋಟಿಯ ಕಂಪನಿಗಳೆಲ್ಲ ಅದನ್ನು ನೆಚ್ಚಿಕೊಂಡಿದ್ದವು. 2004ರಲ್ಲಿ ಯುಜಿಎಸ್ ಅದನ್ನು ಕೊಂಡಿತು, ಆ ಯುಜಿಎಸ್ಸೇ ಮುಂದೆ ಸೀಮೆನ್ಸ್ ಪಾಲಾಯಿತು. ಉಳಿದವರ ಒಪ್ಪಂದದ ಆಚೆ ಬದಿಯಲ್ಲಿ ಈಗ ಅವರ ಎದುರಾಳಿಯೇ ಕೂತಿದ್ದ.

ಆಟೋಡೆಸ್ಕ್ ಏನು ಮಾಡಿತು ನೋಡಿ. ಅದು ನೆಚ್ಚಿದ್ದ ಏಸಿಸ್ ದಸ್ಸೋ ಪಾಲಾದ ಮರುವರ್ಷವೇ, 2001ರಲ್ಲಿ, ತನ್ನ ಲೈಸೆನ್ಸ್ ಪ್ರಕಾರ ಕೈಯಲ್ಲಿದ್ದ ಸೋರ್ಸ್ ಕೋಡ್ ಹಿಡಿದು ಶೇಪ್‌ಮ್ಯಾನೇಜರ್ ಎಂಬ ಸ್ವಂತ ಕವಲು ಬೆಳೆಸಿತು. ಸ್ಪೇಷಿಯಲ್ ಕೋರ್ಟಿಗೆ ಹೋಯಿತು. 2003ರಲ್ಲಿ ತೀರ್ಪು ಆಟೋಡೆಸ್ಕ್ ಕಡೆ ಬಂತು. ಅದಕ್ಕೆ ಹಣಬಲವಿತ್ತು, ನಿಜ. ಆದರೆ ಕಾಗದದಲ್ಲಿ ಹಕ್ಕಿಲ್ಲದಿದ್ದರೆ ಹಣ ಎಷ್ಟಿದ್ದೂ ಏನು ಬಂತು?

ನೀವು ಕರ್ನಲ್ ತರುವಾಗ ಬೆಲೆಯ ಚೌಕಾಸಿ ಆಮೇಲೆ ಮಾಡಿ. ಕರ್ನಲ್ ಕೊಟ್ಟ ಕಂಪನಿ ಮಾರಾಟವಾದರೆ ನಿಮ್ಮ ಲೈಸೆನ್ಸ್ ಎಷ್ಟು ವರ್ಷ ನಿಲ್ಲುತ್ತದೆ, ದರ ಏರಿಸಲು ಮಿತಿಯಿದೆಯೇ, ಅವರು ಬಾಗಿಲು ಹಾಕಿದರೆ ಸೋರ್ಸ್ ಕೋಡ್ ನಿಮ್ಮ ಕೈಗೆ ಬರುತ್ತದೆಯೇ ಎಂದು ಮೊದಲು ಕೇಳಿ. ಗ್ರಾಹಕರ ಮಾದರಿಗಳು ಬೇರೆ ಸಾಫ್ಟ್‌ವೇರ್‌ಗಳೂ ಓದಬಲ್ಲ ಸ್ಟೆಪ್ ಫೈಲಾಗಿಯೂ ಹೊರಬರುವಂತೆ ಇಡಿ. ಆಕಾರ ಉಳಿಯುತ್ತದೆ, ಆದರೆ ಅದನ್ನು ಕಟ್ಟಿದ ಹಂತಗಳು ಸಾಮಾನ್ಯವಾಗಿ ಉಳಿಯುವುದಿಲ್ಲ. ಗ್ರಾಹಕರಿಂದ ಅದನ್ನು ಮುಚ್ಚಿಡಬೇಡಿ.

ನಿಮ್ಮಲ್ಲಿ ಒಬ್ಬರಾದರೂ ಜ್ಯಾಮಿತಿಯ ಗಣಿತಕ್ಕೆ ಕೂರಲೇಬೇಕು. 1999ರಿಂದ ಓಪನ್ ಕ್ಯಾಸ್ಕೇಡ್ ಎಂಬ ಕರ್ನಲ್‌ನ ಸೋರ್ಸ್ ಎಲ್ಲರಿಗೂ ತೆರೆದಿದೆ. ಫ್ರೀಕ್ಯಾಡ್ ನಿಂತಿರುವುದೂ ಅದರ ಮೇಲೆಯೇ. ಡ್ರಾಯಿಂಗ್ ತರಗತಿಯಲ್ಲಿ ಎರಡು ಸಿಲಿಂಡರ್‌ಗಳು ಛೇದಿಸುವ ರೇಖೆಯನ್ನು ಪೆನ್ಸಿಲಿನಲ್ಲಿ ಎಳೆದಿದ್ದೀರಲ್ಲ, ಅದೇ ರೇಖೆಯನ್ನು ಆ ಕೋಡ್ ಹೇಗೆ ಹುಡುಕುತ್ತದೆ ಎಂದು ಸಾಲು ಸಾಲಾಗಿ ಓದಿ. ಎರಡರ ವ್ಯಾಸವೂ ಒಂದೇ ಆದಾಗ ಏನಾಗುತ್ತದೆ ಎಂಬುದನ್ನು ವಿಶೇಷವಾಗಿ ನೋಡಿ. ಒಪ್ಪಂದದ ಕರಡು ಬಂದ ದಿನ ನನಗೂ ಒಂದು ಪ್ರತಿ ತನ್ನಿ, ಒಟ್ಟಿಗೆ ಓದೋಣ.