ಮಲ್ಪೆಯ ದ್ವೀಪಕ್ಕೆ ಹೊರಟವರಿಗೆ ನಾಲ್ಕು ಕಿವಿಮಾತು

ರಜೆ ಬಂತೆಂದರೆ ಘಟ್ಟದ ಮೇಲಿನ ನೆಂಟರೆಲ್ಲ ಕೇಳುವುದು ಒಂದೇ: “ಅತ್ತೆ, ಸೇಂಟ್ ಮೇರೀಸ್ ದ್ವೀಪ ನೋಡಿದ ಮೇಲೆ ಅಲ್ಲೇ ಸುತ್ತಮುತ್ತ ಏನೇನು ನೋಡಬಹುದು?” ನೋಡಲಿಕ್ಕೆ ಬೇಕಾದಷ್ಟು ಉಂಟು. ಎಲ್ಲವನ್ನೂ ಒಂದೇ ದಿನಕ್ಕೆ ತುರುಕುವುದೇ ತಾಪತ್ರಯ. ಬೆಳಿಗ್ಗೆ ದ್ವೀಪ, ಆಮೇಲೆ ತೆಂಕು ಅಥವಾ ಬಡಗು, ಒಂದೇ ದಿಕ್ಕು ಹಿಡಿಯಿರಿ. ಎರಡೂ ಬೇಕಾದರೆ ಒಂದು ರಾತ್ರಿ ಉಳಿಯಿರಿ.

• ಮನೆ ಬಿಡುವ ಮೊದಲು ತಿಂಗಳು ನೋಡಿ. ಮಳೆಗಾಲದಲ್ಲಿ ಕಡಲು ಏಳುವುದರಿಂದ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಆಗಸ್ಟಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಂದು ಬಂದರಿನಲ್ಲಿ ಮುಖ ಸಣ್ಣದು ಮಾಡಿ ನಿಲ್ಲುವವರು ಪ್ರತಿ ವರ್ಷ ಇರುತ್ತಾರೆ.

• ಬೆಳಗಿನ ಮೊದಲ ದೋಣಿಗೇ ಹೋಗಿ. ದ್ವೀಪದಲ್ಲಿ ನೆರಳು ಅಂತ ಇರುವುದು ತೆಂಗಿನ ಮರಗಳದ್ದು ಮಾತ್ರ, ಹನ್ನೊಂದರ ಮೇಲೆ ಕಲ್ಲು ಕಾದು ಕಾಲಿಡಲಿಕ್ಕಾಗುವುದಿಲ್ಲ. ನೆರಳು ಸಿಕ್ಕಿತೆಂದು ಮರದ ಬುಡದಲ್ಲೇ ಬೈರಾಸು ಹಾಸಿ ಮಲಗಬೇಡಿ, ಒಮ್ಮೆ ತಲೆ ಎತ್ತಿ ಕಾಯಿ ಉಂಟೋ ನೋಡಿ.

• ಗಂಟೆ ನೋಡಿ ಸಿಡಿಮಿಡಿ ಮಾಡಬೇಡಿ. ದೊಡ್ಡ ದೋಣಿ ಜನ ತುಂಬಿದ ಮೇಲೆಯೇ ಹೊರಡುವುದು. ಹತ್ತುವ ಮುಂಚೆ ಶೌಚಕ್ಕೆ ಹೋಗಿ ಬನ್ನಿ. ಟಿಕೆಟಿನ ಚೂರನ್ನು ಎಸೆಯಬೇಡಿ, ವಾಪಸು ಬರುವಾಗ ಕೇಳಿದರೆ ತೋರಿಸಬೇಕಲ್ಲ.

• ಚಪ್ಪಲಿಗೆ ಹಿಂದೆ ಪಟ್ಟಿ ಇರಲಿ. ಇಳಿಯುವಾಗ ನೀರಿಗೆ ಕಾಲಿಡಬೇಕಾಗಬಹುದು, ಹವಾಯಿ ಚಪ್ಪಲಿಯಾದರೆ ಅಲೆ ಕಿತ್ತುಕೊಂಡು ಹೋಗುತ್ತದೆ. ಮೊಬೈಲನ್ನು ಗಟ್ಟಿ ತೊಟ್ಟೆಯಲ್ಲಿ ಕಟ್ಟಿಡಿ. ಒಳ್ಳೆಯ ಸೀರೆ, ಹೊಸ ಬೂಟು ಮನೆಯಲ್ಲೇ ಇರಲಿ, ಉಪ್ಪುನೀರಿನ ಕಲೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

• ಕಲ್ಲಿನ ಕಂಬಗಳನ್ನು ನಿಧಾನಕ್ಕೆ ನೋಡಿ. ಐದು ಮೂಲೆ, ಆರು ಮೂಲೆ, ಯಾರೋ ಕುಳಿತು ಕಡೆದು ಜೋಡಿಸಿದಂತೆ ಕಾಣುತ್ತವೆ. ಯಾರೂ ಕಡೆದದ್ದಲ್ಲ. ಎಂಟು ಕೋಟಿ ವರ್ಷಕ್ಕೂ ಹಿಂದೆ, ಈ ನೆಲ ಮಡಗಾಸ್ಕರ್‌ನಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಆರುತ್ತಾ ಕುಗ್ಗಿ ಬಿರಿದು ಹೀಗೆ ನಿಂತಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ದ್ವೀಪಕ್ಕೆ ಮೇರಿಯಮ್ಮನ ಹೆಸರಿಟ್ಟ ಎನ್ನುತ್ತಾರೆ. ಸರ್ಕಾರದವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದಿದ್ದಾರೆ. ಹಾಗಾಗಿ ಮಗ ಕೇಳಿದ, ಮಗಳು ಕೇಳಿದಳು ಅಂತ ಕಲ್ಲಿನ ತುಂಡು ಒಡೆದು ತರಬೇಡಿ. ಒಬ್ಬೊಬ್ಬರೂ ಒಂದೊಂದು ತಂದರೆ ನಾಳೆ ಬರುವವರಿಗೆ ಏನು ಉಳಿಯುತ್ತದೆ?

• ಹಸಿರು ಪಾಚಿ ಕಂಡ ಕಲ್ಲಿನ ಮೇಲೆ ಸೆಲ್ಫಿಗೆ ನಿಲ್ಲಬೇಡಿ. ಪಾಚಿ ಜಾರುತ್ತದೆ, ಕಲ್ಲಿನ ಅಂಚು ಹರಿತ, ಕೆಳಗೆ ಆಳ ಎಷ್ಟೆಂದು ಮೇಲಿಂದ ತಿಳಿಯುವುದಿಲ್ಲ. ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡದೆ ಹಿಂದೆ ಬನ್ನಿ. ಈಜು ಗೊತ್ತಿದ್ದವರಿಗೆ ಈ ಮಾತು ಇನ್ನೂ ಜಾಸ್ತಿ ಹೇಳಬೇಕು, ಕೆರೆಯ ಈಜು ಬೇರೆ, ಕಡಲು ಬೇರೆ.

• ನೀರು ಮನೆಯಿಂದಲೇ ತುಂಬಿಕೊಳ್ಳಿ, ತಲೆಗೊಂದು ಬಾಟಲಿ. ಸೆಖೆಗೆ ಬಾಯಾರಿದಾಗ ಕಂಡ ಕಂಡಲ್ಲಿ ಕೊಂಡರೆ ದಿನದ ಕೊನೆಗೆ ಊಟದಷ್ಟೇ ದುಡ್ಡು ನೀರಿಗೆ ಹೋಗಿರುತ್ತದೆ. ಖಾಲಿ ಬಾಟಲಿ, ಚಿಪ್ಸಿನ ತೊಟ್ಟೆ ಚೀಲದಲ್ಲೇ ಹಿಂದೆ ಬರಲಿ.

• ದಡಕ್ಕೆ ಬಂದ ಮೇಲೆ ಬೊಂಡ ಕುಡಿಯಿರಿ, ಇಲ್ಲವೇ ಪುನರ್ಪುಳಿ ಶರಬತ್ತು. ಬಿಸಿಲಿಗೆ ಬಳಲಿದ ಹೊಟ್ಟೆಗೆ ಬಣ್ಣದ ಸೋಡಾ ಒಳ್ಳೆಯದಲ್ಲ.

• ವಡಭಾಂಡೇಶ್ವರ ದೇವಸ್ಥಾನವನ್ನು ಬಿಟ್ಟು ಹೋಗಬೇಡಿ, ಮಲ್ಪೆ ಬೀಚಿನ ಹತ್ತಿರವೇ ಉಂಟು, ಹೆಚ್ಚು ಹೊತ್ತೂ ಬೇಡ. ಕಡಲಲ್ಲಿ ಸಿಲುಕಿದ ಹಡಗನ್ನು ಮಧ್ವಾಚಾರ್ಯರು ಪಾರು ಮಾಡಿದಾಗ ಗೋಪೀಚಂದನದ ಗಡ್ಡೆಯಲ್ಲಿ ಎರಡು ಮೂರ್ತಿ ಸಿಕ್ಕವಂತೆ. ಬಲರಾಮ ಇಲ್ಲಿ ಉಳಿದ, ಕೃಷ್ಣ ಉಡುಪಿಗೆ ಹೋದ. ಅಣ್ಣನನ್ನು ನೋಡಿ ಆಮೇಲೆ ತಮ್ಮನ ಹತ್ತಿರ ಹೋದರೆ ಮಕ್ಕಳಿಗೆ ಕತೆಯೂ ನೆನಪಿರುತ್ತದೆ.

• ಉಡುಪಿಯ ಕೃಷ್ಣ ಮಠಕ್ಕೆ ಹೋಗುವುದಾದರೆ ಮೀನೂಟ ರಾತ್ರಿಗೆ ಇಟ್ಟುಕೊಳ್ಳಿ. ಮಧ್ಯಾಹ್ನ ಮಠದ ಪ್ರಸಾದದ ಊಟಕ್ಕೇ ಕುಳಿತುಕೊಳ್ಳಿ, ಹೊಟ್ಟೆಯೂ ತಂಪು, ಖರ್ಚೂ ಇಲ್ಲ. ಒದ್ದೆ ಬಟ್ಟೆಯಲ್ಲಿ, ಚಡ್ಡಿಯಲ್ಲಿ ರಥಬೀದಿಗೆ ಬರಬೇಡಿ; ಒಂದು ಜೊತೆ ಒಣ ಬಟ್ಟೆ ಮೊದಲೇ ಚೀಲಕ್ಕೆ ಹಾಕಿ. ಗಂಡಸರು ಒಳಗೆ ಅಂಗಿ ತೆಗೆಯಬೇಕು. ಹಿರಿಯರ ಕ್ರಮದಲ್ಲಿ ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ. ಕನಕನ ಕಿಂಡಿಯ ಮುಂದೆ ಫೋಟೋ ತೆಗೆಯುವ ಭರದಲ್ಲಿ ಒಳಗಿರುವವನನ್ನು ನೋಡಲು ಮರೆಯಬೇಡಿ.

• ಗಡ್‌ಬಡ್ ಐಸ್‌ಕ್ರೀಮ್ ಉಡುಪಿಯಲ್ಲೇ ತಿನ್ನಿ. ಉದ್ದ ಗ್ಲಾಸಿನದ್ದು ಒಂದು ಇಬ್ಬರಿಗೆ ಧಾರಾಳ. ತಲೆಗೊಂದು ಹೇಳಿ ಅರ್ಧ ಬಿಡುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

• ತೆಂಕು ಹಿಡಿದವರು ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು ಮಟ್ಟುವಿಗೆ ತಿರುಗಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ರಸ್ತೆ. ಜನಜಂಗುಳಿ ಮಲ್ಪೆಯಷ್ಟಿಲ್ಲ. ಚಳಿಗಾಲದಲ್ಲಿ ಬಂದರೆ ಮಟ್ಟುಗುಳ್ಳ ಕೊಳ್ಳಿ. ಉರುಟಾಗಿ, ತಿಳಿ ಹಸಿರಾಗಿ, ತೊಟ್ಟಿನ ಹತ್ತಿರ ಸಣ್ಣ ಮುಳ್ಳು ಇರುವ ಬದನೆ. ವಾದಿರಾಜರು ಬೀಜ ಕೊಟ್ಟದ್ದೆಂದು ಊರವರ ನಂಬಿಕೆ. ಮಟ್ಟುವಿನ ಹೆಸರಲ್ಲಿ ಬೇರೆ ಗುಳ್ಳವನ್ನೂ ಮಾರುತ್ತಾರೆ, ಬೆಳೆಗಾರರು ಅಂಟಿಸಿದ ಚೀಟಿ ಉಂಟೋ ನೋಡಿ ತೆಗೆದುಕೊಳ್ಳಿ. ಕಾರಿನ ಡಿಕ್ಕಿಯಲ್ಲಿ ಬೇಯಿಸಬೇಡಿ, ಕಾಲ ಬುಡದಲ್ಲಿ ಗಾಳಿ ಆಡುವಲ್ಲಿ ಇಡಿ.

• ಕಾಪುವಿಗೆ ಸಂಜೆಯೇ ಹೋಗಿ. ಕಡಲ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಈಗಲೂ ನಿಂತಿದೆ, ಜನರನ್ನು ಮೇಲೆ ಬಿಡುವುದು ಸಂಜೆ ಹೊತ್ತಿಗೆ. ಒಳಗೆ ಮೆಟ್ಟಿಲು ಕಿರಿದು, ಮಂಡಿನೋವಿನವರು ಕೆಳಗೆ ಬಂಡೆಯ ಮೇಲೆ ಕುಳಿತು ಗಾಳಿ ತೆಗೆದುಕೊಳ್ಳಲಿ. ಸೂರ್ಯ ಮುಳುಗುವುದು ಅಲ್ಲಿಂದಲೂ ಅಷ್ಟೇ ಚೆನ್ನಾಗಿ ಕಾಣುತ್ತದೆ.

• ಬಡಗು ಇಷ್ಟಪಡುವವರು ಹೂಡೆಯ ದಾರಿಯಲ್ಲಿ ಕೋಡಿಬೆಂಗ್ರೆಗೆ ಹೋಗಿ. ಸ್ವರ್ಣಾ, ಸೀತಾ ಎರಡೂ ಹೊಳೆ ಕಡಲು ಸೇರುವ ಜಾಗ. ನೋಡಲು ಶಾಂತ ಅಂತ ಅಳಿವೆಯಲ್ಲಿ ನೀರಿಗೆ ಇಳಿಯಬೇಡಿ, ಇಳಿತದ ಸೆಳೆತ ಗಟ್ಟಿ. ಹೊತ್ತಿದ್ದರೆ ಬಾರ್ಕೂರು ನೋಡಿ, ಆಳುಪರ ರಾಜಧಾನಿಯಾಗಿದ್ದ ಊರು. ಕತ್ತಲೆ ಬಸದಿಯ ಕಲ್ಲಿನ ಮಾಡು ನೋಡಿದರೆ ಇಲ್ಲಿಯ ಮಳೆಗೆ ಹಿಂದಿನವರು ಹೇಗೆ ಕಟ್ಟುತ್ತಿದ್ದರೆಂದು ಗೊತ್ತಾಗುತ್ತದೆ. ಕಾರ್ಕಳ, ಗೋಮಟೇಶ್ವರ ಅಂತೆಲ್ಲ ಅದೇ ದಿನಕ್ಕೆ ಸೇರಿಸಬೇಡಿ, ಅದು ಘಟ್ಟದ ಬುಡದ ದಾರಿ.

• ಮೀನು ತಿನ್ನುವವರು ಜೂನ್, ಜುಲೈಯಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳಿ. ಆಗ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಬಂಗುಡೆಗೂ ಅಂಜಲಿನ ರೇಟು. ಉಳಿದ ಕಾಲದಲ್ಲಿ ಆರ್ಡರ್ ಮಾಡುವ ಮೊದಲು ಮೀನು ನೋಡಿ, ರೇಟು ಕೇಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

• ರಾತ್ರಿಯ ಬಸ್ಸಿಗೋ ರೈಲಿಗೋ ಒಂದು ಗಂಟೆ ಸಡಿಲ ಇಟ್ಟುಕೊಳ್ಳಿ. ರೈಲು ನಿಲ್ದಾಣ ಪೇಟೆಯೊಳಗಿಲ್ಲ, ಇಂದ್ರಾಳಿಯಲ್ಲಿ ಉಂಟು. ಅಲ್ಲಿಗೆ ಹೋಗುವ ದಾರಿಯ ಕಲ್ಸಂಕದಲ್ಲಿ ಸಂಜೆ ಗಾಡಿಗಳು ಸಾಲುಗಟ್ಟುತ್ತವೆ.

• ನನ್ನನ್ನು ಕೇಳಿದರೆ ಡಿಸೆಂಬರ್, ಜನವರಿಯಲ್ಲಿ ಬನ್ನಿ, ಅದೂ ಭಾನುವಾರ ಬಿಟ್ಟು. ಸೆಖೆ ಕಡಿಮೆ, ಕಡಲು ಶಾಂತ, ಗುಳ್ಳವೂ ಸಿಗುತ್ತದೆ. ಬರುವ ಮೊದಲು ಒಂದು ಫೋನು ಮಾತ್ರ ಮಾಡಿ.