ಘಂಟೆಯ ಅನುರಣನ

ಇಂಗ್ಲೆಂಡಿನ ಸಂಗೀತ ರಚನಕಾರ ಬೆಂಜಮಿನ್ ಬ್ರಿಟನ್ 1976ರ ಡಿಸೆಂಬರ್ 4ರಂದು ನಿಧನರಾದರು. ಅವರ ಸಂಗೀತದ ಪರಿಶುದ್ಧತೆಯನ್ನು ಎಸ್ಟೋನಿಯಾದ ಆರ್ವೊ ಪ್ಯಾರ್ಟ್ ಆಗತಾನೆ ಮನಗಂಡಿದ್ದರು. ಅವರನ್ನು ಕಾಣುವ ಆಸೆ ಮಾತ್ರ ಕೈಗೂಡಲಿಲ್ಲ. ಆ ಕೊರಗಿನಿಂದ 1977ರಲ್ಲಿ ಹುಟ್ಟಿದ ‘ಕ್ಯಾಂಟಸ್’ ಕೃತಿಗೆ ಬೇಕಾದುದು ತಂತಿವಾದ್ಯಗಳ ಮೇಳ ಮತ್ತು ಒಂದೇ ಒಂದು ಘಂಟೆ.

ಮೊದಲು ಘಂಟೆ ಮೆಲ್ಲನೆ ಮೂರು ಬಾರಿ ನುಡಿಯುತ್ತದೆ. ಬಳಿಕ ಪಿಟೀಲುಗಳು ಒಂದು ಸ್ವರಶ್ರೇಣಿಯನ್ನು ಅವರೋಹಣ ಕ್ರಮದಲ್ಲಿ ಇಳಿಯತೊಡಗುತ್ತವೆ. ಅನಂತರ ಬರುವ ಒಂದೊಂದು ಗುಂಪೂ ತನ್ನ ಹಿಂದಿನದರ ಅರ್ಧವೇಗದಲ್ಲಿ ಇಳಿಯುತ್ತದೆ. ನಮ್ಮಲ್ಲಿ ಸರಳೆವರಿಸೆಯನ್ನು ಮೂರು ಕಾಲಗಳಲ್ಲಿ ಹಾಡುವುದುಂಟಷ್ಟೆ. ಇಲ್ಲಿ ಐದು ಕಾಲಗಳು ಒಮ್ಮೆಗೇ ಕೇಳಿಬರುತ್ತವೆ!

ಕೊನೆಯ ಸ್ವರಮೇಳವನ್ನು ಎಳೆದು ನುಡಿಸುತ್ತಿರುವಾಗ ಘಂಟೆಗೆ ಮೃದುವಾಗಿ ಪೆಟ್ಟು ಬೀಳುತ್ತದೆ. ತಂತಿಗಳ ಭೋರ್ಗರೆತದಲ್ಲಿ ಅದು ಕೇಳಿಸದು. ತಂತಿಗಳು ಥಟ್ಟನೆ ಮೌನ ತಾಳಿದೊಡನೆ, ಆಗಲೇ ಮೊಳಗಿದ್ದ ಆ ಘಂಟೆಯ ಅನುರಣನವೊಂದೇ ಉಳಿದು ಕಿವಿಗೆ ಬೀಳುತ್ತದೆ.