ನಿಂತಂತೆ ತೋರುವ ಉಪಗ್ರಹ

ನಾವು ಲೋಕಲ್ ಗಾಡಿಯಲ್ಲಿ ಪಯಣಿಸುತ್ತಿರುವಾಗ, ಪಕ್ಕದ ಹಳಿಯ ಮೇಲೆ ಇನ್ನೊಂದು ಗಾಡಿಯು ಅದೇ ದಿಕ್ಕಿನಲ್ಲಿ, ಅಷ್ಟೇ ವೇಗದಿಂದ ಓಡುತ್ತಿದ್ದರೆ, ಅದು ನಿಂತಂತೆಯೇ ನಮಗೆ ತೋರುವುದು. ಭೂಸ್ಥಿರ ಉಪಗ್ರಹದ ಮರ್ಮವೂ ಇಂತಹುದೇ. ಅದು ನಿಂತಿಲ್ಲ, ಭೂಮಿಯು ಒಮ್ಮೆ ತಿರುಗುವಷ್ಟರಲ್ಲಿ ತಾನೂ ಒಂದು ಸುತ್ತು ಬರುತ್ತದೆ.

ಇದು ಸಾಧ್ಯವಾಗುವುದು ಹೇಗೆ? ಭೂಮಿಯಿಂದ ದೂರ ಹೋದಷ್ಟೂ ಸುತ್ತುವ ಕಾಲವು ಹೆಚ್ಚುತ್ತದೆ. 400 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಒಂದು ಸುತ್ತಿಗೆ ಸುಮಾರು ಒಂದೂವರೆ ಗಂಟೆ ಸಾಕು. 3,84,000 ಕಿಲೋಮೀಟರ್ ದೂರದ ಚಂದ್ರನಿಗೆ 27 ದಿನಗಳಿಗೂ ಮಿಕ್ಕಿ ಬೇಕು. ಇವೆರಡರ ನಡುವೆ ಭೂಮಿಯ ತಿರುಗಣೆಗೆ ಸರಿಹೊಂದುವ ಎತ್ತರವೊಂದು ಇರಲೇಬೇಕಲ್ಲವೆ? ಅದುವೇ 35,786 ಕಿಲೋಮೀಟರ್. ಉಪಗ್ರಹವು ಅಷ್ಟು ಎತ್ತರದಲ್ಲಿ, ವಿಷುವದ್ವೃತ್ತದ ನೇರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಸುತ್ತಬೇಕು. ವಿಷುವದ್ವೃತ್ತವು ನಮಗೆ ದಕ್ಷಿಣದಲ್ಲಿರುವುದರಿಂದಲೇ, ನಮ್ಮ ಮನೆಗಳ ಡಿಶ್ ಆಂಟೆನಾಗಳು ದಕ್ಷಿಣದ ಬಾನಿನತ್ತ ಮೊಗಮಾಡಿ ಅಲುಗದೆ ಇರುತ್ತವೆ. ಇಂತಹ ಮೂರು ನೆಲೆಗಳಿಂದ ಭೂಮಂಡಲಕ್ಕೆಲ್ಲ ವಾರ್ತೆಯನ್ನು ಮುಟ್ಟಿಸಬಹುದೆಂದು ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿಯೇ ಬರೆದಿದ್ದರು.

ನೆಲದಿಂದ ಹೋದ ರೇಡಿಯೊ ಅಲೆಯು ಉಪಗ್ರಹವನ್ನು ಸೇರುವ ವೇಳೆಗೆ ಬಹಳ ಕ್ಷೀಣಿಸಿರುತ್ತದೆ. ಟ್ರಾನ್ಸ್‌ಪಾಂಡರ್ ಎಂಬ ಉಪಕರಣವು ಅದನ್ನು ಹಿಡಿದು, ಬಲಪಡಿಸಿ, ಬೇರೊಂದು ತರಂಗಾಂತರದಲ್ಲಿ ಕೆಳಗೆ ಕಳುಹಿಸುತ್ತದೆ. ಹೋಗಿಬರಲು ಹಿಡಿಯುವ ಕಾಲ ಸುಮಾರು ಕಾಲು ಸೆಕೆಂಡು ಮಾತ್ರ.

ನಮ್ಮ ದೇಶದ ಇನ್‌ಸ್ಯಾಟ್-1ಎ ಉಪಗ್ರಹವು 1982ರ ಏಪ್ರಿಲ್‌ನಲ್ಲಿ ಆಕಾಶವನ್ನೇರಿತು. ಸೂರ್ಯ, ಚಂದ್ರರ ಸೆಳೆತದಿಂದ ಉಪಗ್ರಹವು ತನ್ನ ಸ್ಥಾನದಿಂದ ಮೆಲ್ಲನೆ ಸರಿಯುತ್ತಿರುತ್ತದೆ. ಆಗಾಗ ಇಂಧನವನ್ನುರಿಸಿ ಅದನ್ನು ಸ್ವಸ್ಥಾನಕ್ಕೆ ತರಬೇಕು. ಇನ್‌ಸ್ಯಾಟ್-1ಎಯ ಇಂಧನವೆಲ್ಲ ಸೆಪ್ಟೆಂಬರಿನಲ್ಲಿಯೇ ತೀರಿಹೋಗಿ, ಅದು ನಿರುಪಯುಕ್ತವಾಯಿತು. 1983ರ ಆಗಸ್ಟ್ 30ರಂದು ಇನ್‌ಸ್ಯಾಟ್-1ಬಿ ಹೊರಟಿತು. ಅದರ ಸೌರಫಲಕವೂ ತೆರೆದುಕೊಳ್ಳದೆ ಹೋಯಿತು. ಫಲಕವು ತೆರೆಯದಿದ್ದರೆ ಸಾಕಷ್ಟು ವಿದ್ಯುತ್ತಿಲ್ಲ. ಸಾವಿರಾರು ಮೈಲಿ ದೂರದ ಯಂತ್ರವನ್ನು ಕೈಯಿಂದ ಮುಟ್ಟಲಾದೀತೆ? ನೆಲದಿಂದಲೇ ಆಜ್ಞೆಗಳನ್ನು ಕಳುಹಿಸುತ್ತ ತಜ್ಞರು ಪಟ್ಟುಬಿಡದೆ ಶ್ರಮಿಸಿದರು. ಸೆಪ್ಟೆಂಬರ್ ನಡುವಿನ ವೇಳೆಗೆ ಫಲಕವು ತೆರೆಯಿತು. ಇನ್‌ಸ್ಯಾಟ್ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರವಿರುವುದು ನಮ್ಮ ಹಾಸನದಲ್ಲಿ ಎಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ಸಂಗತಿ.

ಈ ಒಂದೇ ಉಪಗ್ರಹದಿಂದ ದೂರವಾಣಿಯ ಮಾತು, ದೂರದರ್ಶನದ ಚಿತ್ರ, ಆಕಾಶವಾಣಿಯ ಕಾರ್ಯಕ್ರಮ ಇವೆಲ್ಲವೂ ದೇಶದ ಮೂಲೆಮೂಲೆಗೆ ಹರಿದವು. ಗುಡ್ಡಗಾಡಿಗೂ ದ್ವೀಪಗಳಿಗೂ ತಂತಿಯೆಳೆಯುವುದು ದುಸ್ಸಾಧ್ಯ. ಮೇಲಿನಿಂದ ಬರುವ ಅಲೆಗೆ ಬೆಟ್ಟವೂ ಕಡಲೂ ಅಡ್ಡಿಯಾಗವು.

ಇವೆಲ್ಲಕ್ಕೂ ಮಿಗಿಲಾದುದು ಹವಾಮಾನದ ಸೇವೆ. ಉಪಗ್ರಹವು ಒಂದೇ ಕಡೆ ನೆಲೆನಿಂತು ನೋಡುವುದರಿಂದ, ಕಡಲ ಮೇಲೆ ಹುಟ್ಟಿದ ಚಂಡಮಾರುತವು ಎತ್ತ ಸಾಗುತ್ತಿದೆಯೆಂಬುದು ಹೊತ್ತುಹೊತ್ತಿಗೂ ತಿಳಿಯುತ್ತದೆ. 1977ರ ನವೆಂಬರಿನಲ್ಲಿ ಆಂಧ್ರದ ಕರಾವಳಿಗೆ ಎರಗಿದ ಚಂಡಮಾರುತವು ಸುಮಾರು ಹತ್ತು ಸಾವಿರ ಜನರನ್ನು ಬಲಿಗೊಂಡಿತು. 1990ರ ಮೇ ತಿಂಗಳಿನಲ್ಲಿ ಅದೇ ಕರಾವಳಿಗೆ ಘೋರ ಚಂಡಮಾರುತವು ಮತ್ತೆ ಬಂದಾಗ, ಮುನ್ಸೂಚನೆ ದೊರೆತು ಲಕ್ಷಾಂತರ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಮಡಿದವರು ಸುಮಾರು ಒಂದು ಸಾವಿರ. ಈ ಕೀರ್ತಿಯು ಉಪಗ್ರಹವೊಂದಕ್ಕೇ ಸಲ್ಲತಕ್ಕುದಲ್ಲ. ಆಕಾಶದಿಂದ ಬಂದ ಎಚ್ಚರಿಕೆಯನ್ನು ಕೇಳಿ, ರಾತ್ರಿಯೆನ್ನದೆ ಊರೂರಿಗೆ ಹೋಗಿ ಜನರನ್ನು ಎಬ್ಬಿಸಿದವರಿಗೂ ಅದರಲ್ಲಿ ಪಾಲುಂಟು. ವಿಜ್ಞಾನವು ಕಂಡುದನ್ನು ಹೇಳೀತು. ಅದರಂತೆ ನಡೆಯುವ ಹೊಣೆ ನಮ್ಮದು.